ಪಂಚಾಂಗ ಹಿಡಿದು ಕಟ್ಟಡ ರಿಪೇರಿ: ಹಳೇ ಹುಬ್ಬಳ್ಳಿಯ ಒಂದು ಸಮುದಾಯ ಭವನದ ಪ್ರಕರಣ

ನಮ್ಮ ಓಣಿಯ ಸಮುದಾಯ ಭವನಕ್ಕೊಂದು ಬುಕ್ಕಿಂಗ್ ವಹಿ ಇದೆ. ಕೆಂಪು ಬಟ್ಟೆ ಅಂಟಿಸಿದ ರಟ್ಟು, ಉದ್ದನೆಯ ಹಾಳೆ. ತಾರೀಖು, ಯಾರ ಮನೆಯದು, ಏನು ಕಾರ್ಯ, ಜನ ಎಷ್ಟು, ಮುಂಗಡ ಎಷ್ಟು ಎಂದು ಐದು ಕಾಲಂ. 2022ರ ಏಪ್ರಿಲ್‌ನಲ್ಲಿ ಟ್ರಸ್ಟಿನ ಹಿರಿಯರು ಕರೆದು, ‘ಭವನ ರಿಪೇರಿ ಮಾಡಸೂದೈತಿ, ನೀನ ಮುಂದ ನಿಂತ ಮಾಡಸು’ ಎಂದರು. ನಾನು ಇದೇ ಓಣಿಯಲ್ಲಿ ಬೆಳೆದವನು, ಓದಿದ್ದು ಸಿವಿಲ್ ಇಂಜಿನಿಯರಿಂಗ್. ಇಲ್ಲ ಎನ್ನುವ ಮಾತೇ ಇರಲಿಲ್ಲ. ಮೂಲ ನಕ್ಷೆ ಕೇಳಿದೆ, ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಅವತ್ತು ಮನೆಗೆ ಹೊತ್ತೊಯ್ದದ್ದು ಈ ವಹಿಯನ್ನು.

ಕಟ್ಟಡದ ಸ್ವರೂಪ ಹೀಗಿದೆ. ಕೆಳಗೆ 28 ಅಡಿ ಅಗಲ, 60 ಅಡಿ ಉದ್ದದ ಹಾಲ್. ಅದರ ಹಿಂದೆ ಅಡುಗೆಮನೆ ಮತ್ತು ಸಾಮಾನಿನ ಖೋಲಿ. ರಸ್ತೆಗೆ ಮುಖ ಮಾಡಿ ಮೂರು ಮಳಿಗೆ. 14 ಇಂಚಿನ ಇಟ್ಟಿಗೆ ಗೋಡೆಗಳ ಮೇಲೆ ಆರ್‌ಸಿಸಿ ಬೀಮು, ಸ್ಲ್ಯಾಬು, ಎಂದರೆ ಒಳಗೆ ಕಬ್ಬಿಣದ ಸರಳಿಟ್ಟ ಕಾಂಕ್ರೀಟ್. ಇಷ್ಟು ಎಂಬತ್ತರ ದಶಕದ್ದು. ಹತ್ತು-ಹನ್ನೆರಡು ವರ್ಷದ ನಂತರ ಅಡುಗೆಮನೆಯ ಮೇಲೆ ಮೂರು ಖೋಲಿ ಎಬ್ಬಿಸಿ, ಹೊರಗಿನಿಂದ ಮೂರಡಿ ಅಗಲದ ಪಾವಟಿಗೆ ಇಟ್ಟರು. ಅಲ್ಲಿ ಒಂದರಲ್ಲಿ ವಾಚನಾಲಯ, ಒಂದರಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಗತಿ, ಮೂರನೆಯದರಲ್ಲಿ ಗಣಪತಿ ಹಬ್ಬದ ಮಂಟಪದ ಸಾಮಾನು. ಮದುವೆ, ಬಸುರಿಯ ಕುಬಸ, ಮಗುವಿನ ತೊಟ್ಟಿಲು, ಶ್ರಾವಣದ ಪುರಾಣ, ನವರಾತ್ರಿಯ ದೇವಿ ಪುರಾಣ, ಲಸಿಕೆ ಶಿಬಿರ, ಚುನಾವಣೆ ಬಂದರೆ ಮತಗಟ್ಟೆ, ಎಲ್ಲವೂ ಇದೇ ಸೂರಿನಡಿ.

ಹಿರಿಯರ ಬೇಡಿಕೆ ಮೂರು. ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆದು ಹಾಲ್ ದೊಡ್ಡದು ಮಾಡಬೇಕು. ಮೇಲಿನ ಮೂರು ಖೋಲಿಗಳನ್ನು ಒಂದುಗೂಡಿಸಿ ಊಟದ ಹಾಲ್ ಮಾಡಬೇಕು. ಮುಂಭಾಗಕ್ಕೆ ಹೊಸ ಕಮಾನು, ನೆಲಕ್ಕೆ ಹೊಸ ಟೈಲ್ಸ್. ಸ್ಲ್ಯಾಬ್ ಸೋರುತ್ತದೆ, ಗೋಡೆ ಬಿರಿದಿದೆ ಎನ್ನುವ ಮಾತು ಬಂದದ್ದು ಸಭೆ ಮುಗಿದು ಚಹಾ ಕುಡಿಯುವಾಗ.

ವಹಿ ಏನು ಹೇಳಿತು

ಕೋವಿಡ್‌ನ ಎರಡು ವರ್ಷ ಬಿಟ್ಟು, ಅದಕ್ಕೂ ಹಿಂದಿನ ಮೂರು ವರ್ಷದ ಹಾಳೆಗಳನ್ನು ಲೆಕ್ಕ ಹಾಕಿದೆ. ಒಟ್ಟು 214 ಬುಕ್ಕಿಂಗ್. ಅದರಲ್ಲಿ 131 ಕಾರ್ಯಕ್ಕೆ ಬಂದವರು ನೂರಕ್ಕಿಂತ ಕಡಿಮೆ. ಮುನ್ನೂರು ದಾಟಿದ್ದು ಬರೀ 17. ದೊಡ್ಡ ಮದುವೆಗಳು ಆಗಲೇ ಊರ ಹೊರಗಿನ ಕಲ್ಯಾಣ ಮಂಟಪಗಳಿಗೆ ಹೋಗಿಯಾಗಿದ್ದವು. ನಮ್ಮ ಭವನಕ್ಕೆ ಬರುವವರು ತೊಟ್ಟಿಲ ಕಾರ್ಯದವರು, ಕುಬಸದವರು, ನಿಶ್ಚಯದವರು, ಮಣ್ಣು ಕೊಟ್ಟು ಬಂದ ಮೇಲಿನ ಕಾರ್ಯದವರು. ಅರವತ್ತು ಜನ 60 ಅಡಿ ಹಾಲಿನಲ್ಲಿ ಒಂದು ಮೂಲೆಗೆ ಕೂತು ಊಟ ಮಾಡುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ಬೇಕಾದದ್ದು ಹಾಲನ್ನು ಬೆಳೆಸುವುದಲ್ಲ, ಎರಡಾಗಿ ಒಡೆಯುವ ಅನುಕೂಲ. ನಡುವೆ ಮಡಚುವ ಬಾಗಿಲು ಇಟ್ಟರೆ ಒಂದೇ ದಿನ ಎರಡು ಕಾರ್ಯ ನಡೆಯುತ್ತವೆ, ಬಾಡಿಗೆಯೂ ಎರಡು ಬರುತ್ತದೆ.

ವಹಿಯಲ್ಲಿ ಒಂದು ಕೊರತೆಯೂ ಇತ್ತು. ದುಡ್ಡು ಕೊಡದವರು ಅದರಲ್ಲಿ ಇಲ್ಲವೇ ಇಲ್ಲ. ದಿನಾ ಸಂಜೆ ಪೇಪರ್ ಓದಲು ಬರುವ ನಿವೃತ್ತರು, ಪರೀಕ್ಷೆಗೆ ಓದುವ ಹುಡುಗರು, ಹೊಲಿಗೆ ಕಲಿಯುವವರು, ಪುರಾಣ ಕೇಳುವ ತಾಯಂದಿರು ಯಾವ ಕಾಲಂಗೂ ಬೀಳುವುದಿಲ್ಲ. ಭವನದ ಕಾವಲುಗಾರರ ಜೊತೆ ಎರಡು ಸಂಜೆ ಕೂತು, ಯಾವ ಖೋಲಿಗೆ ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ ಎಂದು ಬೇರೆ ಹಾಳೆ ಬರೆದೆ. ವರ್ಷದ ಒಟ್ಟು ತಾಸು ಕೂಡಿಸಿದರೆ ಬಾಡಿಗೆಯವರಿಗಿಂತ ಬಾಡಿಗೆ ಇಲ್ಲದವರ ಬಳಕೆಯೇ ಹೆಚ್ಚಾಯಿತು. ಆ ಹಾಳೆ ನನ್ನ ಕೈಯಲ್ಲಿ ಇಲ್ಲದಿದ್ದರೆ ವಾಚನಾಲಯ ಖಂಡಿತ ಈ ರಿಪೇರಿಯಲ್ಲಿ ಮುಚ್ಚಿಹೋಗುತ್ತಿತ್ತು.

ಅಡುಗೆಮನೆಯ ಚಾವಣಿ

ಮೇಲೆ ಊಟದ ಹಾಲ್ ಆಗಲಿ ಎಂದವರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಮೇಲಿನ ಖೋಲಿಗಳ ನೆಲವೇ ಅಡುಗೆಮನೆಯ ಚಾವಣಿ. ಮೂವತ್ತು ವರ್ಷ ಕಟ್ಟಿಗೆ ಒಲೆಯ ಹೊಗೆ, ಅನ್ನದ ಹಂಡೆಯ ಹಬೆ ನೇರ ಆ ಸ್ಲ್ಯಾಬಿಗೆ ಬಡಿದಿದೆ. ಮಸಿಯಿಂದ ಕಪ್ಪಾದ ಗಿಲಾವು ಅಲ್ಲಲ್ಲಿ ಉಬ್ಬಿತ್ತು. ಕೋಲಿನಿಂದ ಬಡಿದರೆ ಟೊಳ್ಳು ಸದ್ದು.

ಗೌಂಡಿಯನ್ನು ಕರೆದು ಒಂದು ಅಂಗೈಯಗಲ ಒಡೆಸಿದೆ. ಮೊದಲು ಗಿಲಾವು ಉದುರಿತು, ಹಿಂದೆಯೇ ಕಾಂಕ್ರೀಟಿನ ಚಕ್ಕೆ. ಒಳಗಿನ ಸರಳು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೆ ಪದರು ಪದರಾಗಿ ಬಂತು. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಗಟ್ಟಿ ಇರುವ ಕಾಂಕ್ರೀಟಿನಲ್ಲಿ ಕ್ಷಾರ ಉಳಿದಿರುತ್ತದೆ, ಈ ನೀರು ತಾಗಿದ ಕೂಡಲೇ ಅದು ಕಡು ಗುಲಾಬಿ ಆಗಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು ಕ್ಷಾರ ಸತ್ತಿದ್ದರೆ ಬಣ್ಣ ಬರುವುದಿಲ್ಲ. ನಾವು ನಾಲ್ಕು ಜನ ಟಾರ್ಚ್ ಹಿಡಿದು ನೋಡುತ್ತಾ ನಿಂತೆವು. ಅಂಚಿನಿಂದ 30 ಮಿಲಿಮೀಟರ್‌ವರೆಗೆ ಬೂದಿ ಬಣ್ಣ ಹಾಗೇ ಉಳಿಯಿತು, ಅದರಾಚೆ ಮಾತ್ರ ಗುಲಾಬಿ. ಸರಳು ಇದ್ದದ್ದು 20 ಮಿಲಿಮೀಟರ್ ಒಳಗೆ. ಎಂದರೆ ಸರಳನ್ನು ಕಾಯಬೇಕಾದ ಕ್ಷಾರ ಎಂದೋ ಹೋಗಿತ್ತು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ನೂಕಿ ಕಾಂಕ್ರೀಟನ್ನು ಸೀಳುವುದು ಅದೇ.

ಅಧ್ಯಕ್ಷರು ನನಗೆ ಕಾಕಾ ಆಗಬೇಕು. ಅವರೂ ಅವತ್ತು ಏಣಿ ಹತ್ತಿ ನೋಡಿದರು. ಇಳಿದು ಬಂದು ಕೇಳಿದ್ದು ಇಷ್ಟೇ: ‘ಇದರ ಮ್ಯಾಲ ಎರಡನೂರ ಮಂದಿ ಕುಂಡ್ರಸಬೇಕಂತ ಮಾಡಿದ್ವೇನೋ ತಮ್ಮಾ?’

ಅವರಿಗೆ ಲೆಕ್ಕ ಬಿಡಿಸಿ ಹೇಳಿದೆ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಹಿಡಿದು ವಿನ್ಯಾಸ ಮಾಡುತ್ತಾರೆ. ಕುರ್ಚಿಯನ್ನು ನೆಲಕ್ಕೆ ಜಡಿಯದ ಸಭಾಂಗಣಕ್ಕೆ 500 ಕೆಜಿ ಹಿಡಿಯಬೇಕು. ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಖೋಲಿಗೆ 600. ನಮ್ಮ ಮೇಲಂತಸ್ತು ಮನೆಯ ಖೋಲಿಯಂತೆ ನಾಲ್ಕಿಂಚು ದಪ್ಪ ಹಾಕಿದ್ದು. ಊಟದ ಹಾಲ್ ಹಾಗಿರಲಿ, ಈಗಿರುವ ವಾಚನಾಲಯವೇ ಅದಕ್ಕೆ ಹೆಚ್ಚಿನ ಹೊರೆ. ಮೇಲಾಗಿ ಆ ಮೂರಡಿ ಪಾವಟಿಗೆ. ಜನ ಸೇರುವ ಕಟ್ಟಡದ ಮೆಟ್ಟಿಲು ಎರಡು ಮೀಟರ್ ಅಗಲ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೆಂಕಿ ಬಿದ್ದರೆ ಇನ್ನೂರು ಜನ ಇಳಿಯುವುದು ಹೇಗೆ?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು ಈ ಅವಳಿ ನಗರದಲ್ಲಿ ಯಾರಿಗೂ ಮರೆತಿಲ್ಲ. ದಿನಗಟ್ಟಲೆ ಅವಶೇಷದಡಿಯಿಂದ ಜನರನ್ನು ತೆಗೆದದ್ದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ್ದೇವೆ. ಸಭೆಯಲ್ಲಿ ನಾನು ಆ ಮಾತನ್ನು ಎತ್ತಲಿಲ್ಲ. ಮೇಲಿನ ಊಟದ ಹಾಲ್ ಬೇಡ ಎಂದು ತೀರ್ಮಾನವಾದಾಗ ಖಜಾಂಚಿಯವರೇ ಎತ್ತಿದರು.

ಹೀಗೆ ಯೋಜನೆ ತಲೆಕೆಳಗಾಯಿತು. ಊಟಕ್ಕೆ ಹಿತ್ತಲಿನಲ್ಲಿ ಕಬ್ಬಿಣದ ಟ್ರಸ್ ಹಾಕಿ ತಗಡಿನ ಮಾಡು. ವಾಚನಾಲಯ ಕೆಳಗೆ, ಮೂಲೆಯ ಮಳಿಗೆಗೆ. ಆ ಮಳಿಗೆ ಖಾಲಿ ಬಿದ್ದಿತ್ತು, ಬಾಡಿಗೆಗೆ ಕೊಟ್ಟರೆ ತಿಂಗಳ ಕರೆಂಟ್ ಬಿಲ್ ಹುಟ್ಟುತ್ತದೆ ಎಂದು ಖಜಾಂಚಿಯವರ ವಾದ. ಅದು ಸುಳ್ಳಲ್ಲ. ಹಾಲನ್ನು ಎರಡು ಮಾಡಿದರೆ ಬರುವ ಬಾಡಿಗೆಯ ಲೆಕ್ಕ ತೋರಿಸಿದ ಮೇಲೂ ಅವರು ಎರಡು ಸಭೆ ಹಿಡಿದರು. ಕೊನೆಗೆ ಒಪ್ಪಿದ್ದು ಮೊಣಕಾಲು ನೋವಿನಿಂದ ಮೇಲೆ ಹತ್ತುವುದನ್ನೇ ಬಿಟ್ಟಿದ್ದ ಹಿರಿಯರು ಐದಾರು ಜನ ಬಂದು ಸಭೆಯಲ್ಲಿ ಸುಮ್ಮನೆ ಕೂತಾಗ.

ಆರನೆಯ ಬಿರುಕು

ಹುಬ್ಬಳ್ಳಿಯ ಎರಿಮಣ್ಣಿನ ಗುಣ ಇಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಪಾಯ ಆ ಮಣ್ಣನ್ನು ದಾಟಿ ಅದರಡಿಯ ಗಟ್ಟಿ ಗರಸಿಗೆ ಇಳಿಯದಿದ್ದರೆ ಗೋಡೆ ವರ್ಷವರ್ಷವೂ ಉಸಿರಾಡಿದಂತೆ ಏರಿಳಿಯುತ್ತದೆ. ಭವನದಲ್ಲಿ ಎದ್ದು ಕಾಣುವ ಬಿರುಕು ಆರು. ಪ್ರತಿ ಎರಡು-ಮೂರು ವರ್ಷಕ್ಕೆ ಸಿಮೆಂಟ್ ತುಂಬಿ ಬಣ್ಣ ಹೊಡೆಯುವುದು, ಮತ್ತೆ ಅದೇ ಜಾಗದಲ್ಲಿ ಬಿರಿಯುವುದು, ಇದೇ ನಡೆದಿತ್ತು.

ನಾನು ಹಟ ಹಿಡಿದದ್ದು ಒಂದಕ್ಕೇ: ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ಗೋಡೆಗೆ ಕೈ ಹಚ್ಚುವುದಿಲ್ಲ. 2022ರ ಮೇನಲ್ಲಿ ಪ್ರತಿ ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆ. ಪಟ್ಟಿ ಒಡೆದರೆ ಗೋಡೆ ಅಲುಗಿದೆ ಎಂದು ಗುರುತು. ಮೊಳೆಗಳ ನಡುವಿನ ಅಂತರವನ್ನು ಪ್ರತಿ ತಿಂಗಳು ಒಂದನೇ ತಾರೀಖು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದಿಟ್ಟೆ. ಟ್ರಸ್ಟಿನಲ್ಲಿ ಕೆಲವರಿಗೆ ಇದು ಕಾಲಹರಣ ಅನ್ನಿಸಿತು. ದಾನಿಗಳು ಕೇಳುತ್ತಿದ್ದಾರೆ, ಕೆಲಸ ಯಾವಾಗ ಎಂದು. ಬೇಸರ ನನಗೂ ಆಗಿತ್ತು, ಆದರೂ ಬಿಡಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಐದು ಬಿರುಕುಗಳ ಅಂಕಿ ಒಂದೇ ಕಥೆ ಹೇಳಿತು. ಜುಲೈಯಿಂದ ಅಕ್ಟೋಬರ್‌ವರೆಗೆ ಕಿರಿದು, ಮಾರ್ಚ್‌ನಿಂದ ಮೇವರೆಗೆ ಹಿರಿದು. ಎರಿಮಣ್ಣಿನ ಆಟ. ಅದಕ್ಕೆ ಪಾಯ ಅಗೆಯಬೇಕಿಲ್ಲ. ಗೋಡೆಯ ಬುಡದಲ್ಲಿ ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗದಂತೆ ನೋಡಿಕೊಂಡರೆ ಸಾಕು. ಆರನೆಯದು ಅಡುಗೆಮನೆಯ ಈಶಾನ್ಯ ಮೂಲೆಯದು. ಅದು ಮಳೆಗಾಲದಲ್ಲಿ ಹಿಗ್ಗಿತು, ಬೇಸಿಗೆಯಲ್ಲಿ ನಿಂತಿತು, ಒಮ್ಮೆಯೂ ಕುಗ್ಗಲಿಲ್ಲ. ಪಾತ್ರೆ ತೊಳೆದ ನೀರು ಅಲ್ಲೇ ಬೀಳುತ್ತದಲ್ಲ, ಮಣ್ಣು ಮೆತ್ತಗಾಗಿದೆ ಎಂದು ನಾನು ಟಿಪ್ಪಣಿ ಬರೆದುಕೊಂಡೆ. ಅರ್ಧ ಸರಿ, ಅರ್ಧ ತಪ್ಪು.

2023ರ ಮೇನಲ್ಲಿ, ವಿಧಾನಸಭೆ ಚುನಾವಣೆ ಮುಗಿದ ವಾರ, ಅಡುಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಅಡುಗೆಮನೆಯಲ್ಲೇ ಕೂಡಿಸಿ ಅವರಿಗೆ ಏನು ಬೇಕು ಎಂದು ಕೇಳಿದೆ. ಒಂದು ವರ್ಷ ತಡವಾಗಿ ಕೇಳಿದೆ ಎಂಬ ಕೊರಗು ಈಗಲೂ ಇದೆ. ಅವರು ಮೊದಲು ಹೇಳಿದ್ದು ಬಾಗಿಲಿನ ವಿಷಯ. ಸಾರಿನ ದೊಡ್ಡ ಬೋಗೋಣಿ ಎರಡೂವರೆ ಅಡಿ ಬಾಗಿಲಿನಲ್ಲಿ ಹಿಡಿಸುವುದಿಲ್ಲ. ಓರೆ ಮಾಡಿದರೆ ಸಾರು ಕಾಲ ಮೇಲೆ ಚೆಲ್ಲುತ್ತದೆ. ಅದಕ್ಕೇ ಸಣ್ಣ ಬಕೆಟ್‌ಗೆ ಬಗ್ಗಿಸಿಕೊಂಡು, ಹಾಲಿನ ಜನರ ನಡುವೆಯೇ ನೂರು ಸಲ ಓಡಾಡುವುದು. ಆಮೇಲೆ ಗಟಾರ, ಆಮೇಲೆ ಹೊಗೆ. ಕಡೆಗೆ, ಓಣಿಗೆಲ್ಲ ಆಯಿ ಆಗಿರುವ ಹಿರಿಯಾಕೆ ಆ ಮೂಲೆಗೆ ಕೈ ತೋರಿಸಿ, ‘ಅಲ್ಲೆ ಬಾವಿ ಇತ್ತಲ್ಲೋ ತಮ್ಮಾ. ನಾ ಲಗ್ನಾಗಿ ಬಂದಾಗ ಅದರಾಗಿಂದನ ನೀರ ಸೇದತಿದ್ವಿ. ಹಾಲ್ ಕಟ್ಟೂ ಮುಂದ ಕಸಾ ಕಡ್ಡಿ, ಬೂದಿ, ಹೆಂಟಿ ಎಲ್ಲಾ ತುಂಬಿ ಮುಚ್ಚಿದ್ರು’ ಎಂದಳು.

‘ಆಯೀ, ಇಷ್ಟ ದಿನಾ ಯಾಕ ಹೇಳಲಿಲ್ಲ?’

‘ನೀ ಎಲ್ಲಿ ಕೇಳಿದ್ದಿ?’

ಮರುದಿನ ಮೂಲೆ ಅಗೆಸಿದೆವು. ನಾಲ್ಕು ಅಡಿ ಆಳದಲ್ಲಿ ಕಲ್ಲಿನ ಸುತ್ತುಗಟ್ಟು ಸಿಕ್ಕಿತು, ಗೋಡೆ ಅದರ ಅಂಚಿನ ಮೇಲೆ ಸುಮಾರು ಐದಡಿ ಉದ್ದಕ್ಕೆ ಹಾದುಹೋಗಿತ್ತು. ಗುದ್ದಲಿ ಹಾಕಿದರೆ ಬೂದಿ, ಒಡೆದ ಹಂಚು, ಕೊಳೆತ ಕಟ್ಟಿಗೆ. ಪಾತ್ರೆ ತೊಳೆದ ನೀರು ಮೂರು-ನಾಲ್ಕು ದಶಕ ಆ ಭರ್ತಿಯನ್ನು ಕೆಳಗೆಳೆಯುತ್ತಲೇ ಇತ್ತು.

ಕೆಲಸಕ್ಕೆ ದಿನ ಹುಡುಕಿದ್ದು

ಭವನವನ್ನು ಪೂರ್ತಿ ಮುಚ್ಚಿ ಎಂಟು ತಿಂಗಳಲ್ಲಿ ಮುಗಿಸುವುದು ಗುತ್ತಿಗೆದಾರರಿಗೆ ಸಲೀಸು. ನಮ್ಮ ಓಣಿಗೆ ಅದು ಆಗದ ಮಾತು. ಬಡವರ ಮನೆಯ ತೊಟ್ಟಿಲ ಕಾರ್ಯ ಎಂಟು ತಿಂಗಳು ಎಲ್ಲಿಗೆ ಹೋಗಬೇಕು? ಅದಕ್ಕೇ ವಹಿಯನ್ನೂ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟುಕೊಂಡು ಭವನ ತಾನಾಗೇ ಖಾಲಿ ಇರುವ ದಿನಗಳನ್ನು ಹುಡುಕಿದೆ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದ ಹದಿನೈದು ದಿನ ಯಾವ ಶುಭಕಾರ್ಯವೂ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಒಂದೇ ತೊಡಕು: ಆಷಾಢ ಎಂದರೆ ಮಳೆಗಾಲ, ಆಗ ಮಾಳಿಗೆ ಬಿಚ್ಚುವ ಹಾಗಿಲ್ಲ.

2023 ನಮಗಾಗಿಯೇ ಬಂದಂತಿತ್ತು. ಆ ವರ್ಷ ಶ್ರಾವಣ ಅಧಿಕ ಮಾಸ. ಜೂನ್ 19ಕ್ಕೆ ಹಿಡಿದ ಆಷಾಢ ಜುಲೈ 17ಕ್ಕೆ ಮುಗಿದರೆ, ಮರುದಿನದಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಸಾಲಾಗಿ ಎರಡು ತಿಂಗಳು ಮದುವೆ ಇಲ್ಲ. ಓಣಿಯ ಮುಸಲ್ಮಾನ ಮನೆಗಳೂ ಇದೇ ಹಾಲ್ ಹಿಡಿಯುತ್ತವೆ. ಅವರ ಮೊಹರಂ ಆ ಸಲ ಜುಲೈ 29ಕ್ಕೆ ಬಂದದ್ದರಿಂದ ಅವರಲ್ಲೂ ಆ ದಿನಗಳಲ್ಲಿ ಶಾದಿ ಇರಲಿಲ್ಲ. ಆಗಸ್ಟ್ 17ಕ್ಕೆ ನಿಜ ಶ್ರಾವಣ, ಅವತ್ತು ಸಂಜೆ ಪುರಾಣ ಶುರುವಾಗಲೇಬೇಕು. ಹಾಗಾಗಿ ಅಡುಗೆಮನೆ, ಬಾವಿ, ಗೋಡೆ ಈ ಎರಡು ತಿಂಗಳಿಗೆ. ವೈರಿಂಗ್ ಪಿತೃಪಕ್ಷಕ್ಕೆ. ಹಾಲಿನ ಮಾಳಿಗೆ ಧನುರ್ಮಾಸಕ್ಕೆ.

ಹಿತ್ತಲ ಮಾಡಿಗೆ ಪಾಲಿಕೆಯ ಪರವಾನಿಗೆ ಬೇಕಿತ್ತು. ಅರ್ಜಿಯನ್ನು ಮೊದಲೇ ಹಾಕಿದ್ದರಿಂದ ಅದು ಕೆಲಸವನ್ನು ತಡೆಯಲಿಲ್ಲ.

ಎರಡು ತಿಂಗಳ ಕೆಲಸ, ಒಂದು ತಪ್ಪು

ಮೊದಲ ವಾರ ಅಡುಗೆಮನೆಯ ಚಾವಣಿಗೆ ಜಾಕ್ ನಿಲ್ಲಿಸಿ, ಟೊಳ್ಳು ಕಾಂಕ್ರೀಟನ್ನೆಲ್ಲ ಸರಳಿನ ಹಿಂಬದಿಯವರೆಗೆ ಕೆತ್ತಿಸಿದೆವು. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸವೆದ ಕಡೆ ಹೊಸ ಸರಳು ಜೋಡಿಸಿ, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಿದೆವು. ಅಷ್ಟಕ್ಕೇ ನಂಬಲಿಲ್ಲ. ಸ್ಲ್ಯಾಬಿನ ಒಂದು ಆಸರೆಯಿಂದ ಇನ್ನೊಂದಕ್ಕೆ ಇದ್ದ 14 ಅಡಿ ಹರವಿನ ನಡುವೆ ಒಂದು ಉಕ್ಕಿನ ಬೀಮು ಕೊಟ್ಟು ಹರವನ್ನು ಏಳಡಿಗೆ ಇಳಿಸಿದೆವು. ಇಲ್ಲಿ ಎಚ್ಚರ ತಪ್ಪುವವರು ಬಹಳ. ನಡುವೆ ಆಸರೆ ಕೊಟ್ಟ ಕೂಡಲೇ ಸ್ಲ್ಯಾಬಿನ ಮೇಲ್ಮೈಯಲ್ಲಿ ಹೊಸ ಎಳೆತ ಹುಟ್ಟುತ್ತದೆ, ಅಲ್ಲಿ ಸರಳೇ ಇರುವುದಿಲ್ಲ. ಆದ್ದರಿಂದ ಬೀಮಿನ ನೇರಕ್ಕೆ ಮೇಲಿನ ನೆಲದ ಫರಸಿಯನ್ನು ಒಂದು ಗೆರೆ ಕೊಯ್ದು, ಎರಡು ತುಂಡಿನಂತೆ ಕೆಲಸ ಮಾಡಲು ಬಿಟ್ಟೆವು.

ನಡುಗೋಡೆಯನ್ನು ಪೂರ್ತಿ ತೆಗೆಯುವ ಬದಲು ಅದರಲ್ಲಿ ಐದಡಿ ಬಾಗಿಲು ತೆರೆಯುವುದೆಂದು ಒಪ್ಪಿಸಿದ್ದೆ. ‘ಗ್ವಾಡಿ ತಗದ್ರ ಏನಾಕ್ಕೈತಿ?’ ಎಂದು ಕೇಳಿದವರಿಗೆ, ಮೇಲಿನ ಖೋಲಿಗಳ ಒಂದು ಬದಿಯ ಭಾರವೆಲ್ಲ ಅದರ ಮೇಲೇ ಕೂತಿದೆ ಎಂದು ತೋರಿಸಿದೆ. ಬಾಗಿಲು ತೆರೆಯುವಾಗ ಮೊದಲು ಮೇಲೆ ಮೂರು ತೂತು ಕೊರೆದು, ಉಕ್ಕಿನ ತುಂಡುಗಳನ್ನು ಗೋಡೆಯ ಅಡ್ಡಕ್ಕೆ ತೂರಿಸಿ, ಎರಡೂ ಬದಿಗೆ ಜಾಕ್ ಕೊಟ್ಟೆವು. ಆಮೇಲೆ ಕೆಳಗಿನ ಇಟ್ಟಿಗೆ ಬಿಚ್ಚಿದೆವು. ಬ್ರೇಕರ್ ಮಷಿನ್ ಬಳಸಲು ಬಿಡಲಿಲ್ಲ. ಗೌಂಡಿಗಳು ಉಳಿ-ಸುತ್ತಿಗೆಯಲ್ಲೇ ಒಂದೊಂದು ಇಟ್ಟಿಗೆ ಬಿಡಿಸಿದರು. ಜೋಡಿ ಬೀಮು ಕೂರಿಸಿ, ಸಂದಿಗೆ ಒಣ ಗಾರೆ ಗಟ್ಟಿಯಾಗಿ ತುರುಕಿ, ವಾರ ಕಾದು ಜಾಕ್ ಇಳಿಸಿದಾಗ ಮೇಲಿನ ಗಿಲಾವಿನಲ್ಲಿ ಒಂದು ಕೂದಲೆಳೆಯೂ ಬಿರಿದಿರಲಿಲ್ಲ.

ತಪ್ಪಾದದ್ದು ಬಾವಿಯ ಹತ್ತಿರ. ಉಪಾಯ ಸರಿಯಾಗಿತ್ತು. ಗೋಡೆಯ ಒಳಗೊಂದು, ಹೊರಗೊಂದು 12 ಅಡಿಯ ಆರ್‌ಸಿಸಿ ಬೀಮು ಹಾಕಿ, ಗೋಡೆಯ ಮೂಲಕ ಉಕ್ಕಿನ ತುಂಡುಗಳಿಂದ ಎರಡನ್ನೂ ಹೆಣೆದು, ಬೀಮಿನ ತುದಿಗಳನ್ನು ಬಾವಿಯ ಆಚೀಚೆ ಗರಸಿನ ಮೇಲೆ ಊರುವುದು. ಗೋಡೆ ಆಗ ಬಾವಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ತುದಿಗಳ ಗುಂಡಿಯನ್ನು ಒಂದಾದ ಮೇಲೆ ಒಂದು ಅಗೆಯಬೇಕು ಎಂದು ನಾನೇ ಬರೆದುಕೊಟ್ಟಿದ್ದೆ. ಆದರೆ ಆ ವರ್ಷ ಜೂನ್‌ನಲ್ಲಿ ಮಳೆ ಕೈಕೊಟ್ಟಿತ್ತು, ಜುಲೈ ಅರ್ಧದವರೆಗೂ ಆಕಾಶ ಖಾಲಿ. ದಿನ ಉಳಿಯಲಿ ಎಂದು ಎರಡು ಗುಂಡಿಗಳನ್ನು ಒಟ್ಟಿಗೆ ಅಗೆಯಲು ನಾನೇ ಹೇಳಿದೆ. ಜುಲೈ ಕೊನೆಯ ವಾರ ಮಳೆ ಹಿಡಿಯಿತು. ರಾತ್ರಿ ಹನ್ನೊಂದಕ್ಕೆ ಕಾವಲುಗಾರರ ಫೋನ್: ‘ಸಾಹೇಬ್ರ, ತಗ್ಗಿನ್ಯಾಗ ನೀರ ಹೊಕ್ಕೈತ್ರಿ, ಲಗೂನ ಬರ್ರಿ.’

ಹಿಂದಿನ ಮನೆಗಳ ಮಾಳಿಗೆ ನೀರೆಲ್ಲ ಹಿತ್ತಲಿಗೆ ನುಗ್ಗಿ ಎರಡೂ ಗುಂಡಿ ತುಂಬಿದ್ದವು. ಗುಂಡಿಯ ಬದಿಯ ಎರಿಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ಒಳಗೆ ಹೋಗಿ ಆರನೆಯ ಬಿರುಕಿಗೆ ಟಾರ್ಚ್ ಹಿಡಿದೆ, ಗಾಜಿನ ಪಟ್ಟಿ ಒಡೆದಿತ್ತು. ಓಣಿಯ ಹುಡುಗರು ಹತ್ತು-ಹನ್ನೆರಡು ಜನ ಎದ್ದು ಬಂದರು. ಪಂಪ್ ಹಚ್ಚಿ ನೀರು ತೆಗೆದು, ಗೋಡೆಗೆ ಓರೆಯಾಗಿ ಜಾಕ್ ಕೊಟ್ಟು, ಒಂದು ಗುಂಡಿಗೆ ಬೆಳಗಾಗುವವರೆಗೆ ಗರಸು ತುಂಬಿದೆವು. ಗೋಡೆ ಉಳಿಯಿತು. ಒಂಬತ್ತು ದಿನ ಹೋಯಿತು, ತುಂಬಿದ ಗರಸನ್ನು ಮತ್ತೆ ತೆಗೆಸುವ ಖರ್ಚು ಬಂತು. ಆ ಖರ್ಚು ಯಾಕಾಯಿತು ಎಂದು ಮುಂದಿನ ಸಭೆಯಲ್ಲಿ ನನ್ನ ಹೆಸರಿನಲ್ಲೇ ನಡಾವಳಿ ಬರೆಸಿದೆ.

ಆಗಸ್ಟ್ ಒಣಗಿತು. ರೈತರಿಗೆ ಅದು ಬರದ ವರ್ಷ, ಅದನ್ನು ನೆನೆದರೆ ಸಂಕಟವಾಗುತ್ತದೆ. ನಮ್ಮ ಬೀಮುಗಳು ಮಾತ್ರ ಆ ಬಿಸಿಲಿನಲ್ಲಿ ನಿಂತವು. ಅವು ಗಟ್ಟಿಯಾದ ಮೇಲೆ ಗೋಡೆಯ ಸುತ್ತ ನಾಲ್ಕಡಿ ಅಗಲಕ್ಕೆ ಹೊರಗೆ ಇಳಿಜಾರಾಗುವಂತೆ ಕಾಂಕ್ರೀಟ್ ಹಾಸಿ, ಪಾತ್ರೆ ತೊಳೆಯುವ ನೀರನ್ನು ಪೈಪಿನಲ್ಲಿ ಗಟಾರಕ್ಕೆ ಮುಟ್ಟಿಸಿದೆವು. ಆಗಸ್ಟ್ 17ಕ್ಕೆ ಪುರಾಣ ಶುರುವಾದಾಗ ಅಡುಗೆಮನೆಯ ಗಿಲಾವು ಇನ್ನೂ ಹಸಿ. ಪ್ರಸಾದವನ್ನು ಹಿತ್ತಲಲ್ಲಿ ಪತ್ರಾಸಿನ ಕೆಳಗೆ ಬೇಯಿಸಿದರು.

ಕಾಣದ ಕೆಲಸಕ್ಕೆ ಹಣ

ದಾನಿಗಳು ಕಮಾನಿಗೆ ಕೊಡುತ್ತಾರೆ, ಟೈಲ್ಸಿಗೆ ಕೊಡುತ್ತಾರೆ, ಫ್ಯಾನಿಗೆ ಕೊಡುತ್ತಾರೆ. ಪಾಯಕ್ಕೆ, ಗಟಾರಕ್ಕೆ, ತುಕ್ಕು ತೆಗೆಯಲು ಕೊಡುವವರು ಅಪರೂಪ. ಅದು ಅವರ ತಪ್ಪೇನಲ್ಲ. ತಂದೆತಾಯಿಯ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ಆಸೆ ಯಾರಿಗಿರುವುದಿಲ್ಲ? ನಾನು ಮಾಡಿದ್ದು ಇಷ್ಟು: ಕೆತ್ತಿದ ಚಾವಣಿಯನ್ನು ಒಂದು ಭಾನುವಾರ ಪೂರ್ತಿ ತೆರೆದಿಟ್ಟು, ಕೊಡುವವರನ್ನೆಲ್ಲ ಕರೆದು ಕೆಳಗೆ ನಿಲ್ಲಿಸಿ ಮೇಲೆ ನೋಡಲು ಹೇಳಿದೆ. ಬಾವಿಯಿಂದ ತೆಗೆದ ಬೂದಿಯ ರಾಶಿಯೂ ಪಕ್ಕದಲ್ಲೇ ಇತ್ತು. ಕಮಾನಿಗೆಂದು ಹಣ ತೆಗೆದಿಟ್ಟಿದ್ದ ಒಬ್ಬರು ಅವತ್ತೇ ಅದನ್ನು ಬಾವಿಗೆ ಹಾಕಿ ಎಂದರು. ಕಮಾನು ಇವತ್ತಿಗೂ ಆಗಿಲ್ಲ.

ಪಿತೃಪಕ್ಷ ಹಿಡಿದದ್ದು ಸೆಪ್ಟೆಂಬರ್ 30ಕ್ಕೆ, ಮುಗಿದದ್ದು ಅಕ್ಟೋಬರ್ 14ಕ್ಕೆ. ಮರುದಿನವೇ ನವರಾತ್ರಿ. ಆ ಹದಿನೈದು ದಿನದಲ್ಲಿ ವೈರಿಂಗ್ ಪೂರ್ತಿ ಬದಲಾಯಿತು. ಹಳೆಯ 22 ಫ್ಯಾನ್ ಕೆಳಗಿಳಿಸಿದಾಗ ಪ್ರತಿಯೊಂದರ ರೆಕ್ಕೆಯ ಮೇಲೂ ಹೆಸರು: ಇಂಥವರ ಸ್ಮರಣಾರ್ಥ, ಇಂಥವರ ಮಕ್ಕಳು. ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್ ಎಳೆದರೆ ಹಳೆಯದು 75 ವಾಟ್ ಎಳೆಯುತ್ತದೆ, ಬದಲಿಸುವುದೇ ಲಾಭ. ಆದರೆ ಹೆಸರುಗಳನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಎಲ್ಲ 22 ಹೆಸರನ್ನೂ ಒಂದು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಬಳಿ ಕೂರಿಸಿದೆವು. ಒಬ್ಬ ಹಿರಿಯರಿಗೆ ಅದು ಸಾಲಲಿಲ್ಲ. ಅವ್ವನ ಹೆಸರಿನ ಫ್ಯಾನ್ ತಿರುಗಬೇಕು ಎಂದು ಕಣ್ಣಲ್ಲಿ ನೀರು ತಂದರು. ಅದನ್ನು ರಿವೈಂಡ್ ಮಾಡಿಸಿ ಹೊಸ ವಾಚನಾಲಯದಲ್ಲಿ ಹಾಕಿದೆವು. ಅವರು ಸಂಜೆ ಅದರ ಕೆಳಗೇ ಪೇಪರ್ ಓದುತ್ತಾರೆ.

ಮಾಳಿಗೆ ಮತ್ತು ರ್‍ಯಾಂಪ್

ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಹಾಲಿನ ಮಾಳಿಗೆ. ಸೋರಿದಾಗಲೆಲ್ಲ ಹಿಂದಿನವರು ಹಳೆಯ ಬ್ರಿಕ್ ಬ್ಯಾಟ್ ಕೋಬಾದ (ಒಡೆದ ಇಟ್ಟಿಗೆ, ಗಾರೆ ಸೇರಿಸಿ ಹಾಸಿದ ಪದರು) ಮೇಲೆ ಹೊಸ ಕೋಬಾ ಹಾಕುತ್ತಾ ಬಂದಿದ್ದರು. ಮೂರು ಪದರು ಸೇರಿ ಏಳು ಇಂಚು. ಪ್ರತಿ ಚದರ ಮೀಟರಿಗೆ 300 ಕೆಜಿಗೂ ಮಿಕ್ಕ ಭಾರ. ಜನ ಓಡಾಡುವ ಮಾಳಿಗೆಗೆ ವಿನ್ಯಾಸದಲ್ಲಿ ಹಿಡಿಯುವುದು 150 ಕೆಜಿ. ಸೋರುವುದನ್ನು ನಿಲ್ಲಿಸಲು ಹೋಗಿ ಸ್ಲ್ಯಾಬಿನ ಬೆನ್ನ ಮೇಲೆ ಸುಮಾರು 50 ಟನ್ ಹೇರಿದ್ದರು. ಬಿಚ್ಚುವಾಗ ನಿಯಮ ಒಂದೇ ಇಟ್ಟೆ: ಒಡೆದ ಕಸವನ್ನು ಮೇಲೆ ಎಲ್ಲೂ ಗುಡ್ಡೆ ಹಾಕಬಾರದು. ಒಡೆದ ಹಾಗೇ ಕೆಳಗೆ ಇಳಿದು ಟ್ರ್ಯಾಕ್ಟರ್ ಸೇರಬೇಕು. ಅದರ ಜಾಗಕ್ಕೆ ಬಂದದ್ದು ತೆಳುವಾದ ಇಳಿಜಾರು ಗಾರೆ, ಅದರ ಮೇಲೆ ನೀರು ತಡೆಯುವ ಬಿಳಿ ಲೇಪ, ನಾಲ್ಕಿಂಚಿನ ನಾಲ್ಕು ಪೈಪು. ಒಡ್ಡು ಕಟ್ಟಿ 48 ತಾಸು ನೀರು ನಿಲ್ಲಿಸಿ ಕೆಳಗೆ ಚಾವಣಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆವು. ಒಣಗಿತ್ತು.

2023ರ ಮತದಾನದ ದಿನ ಗಾಲಿ ಕುರ್ಚಿಯ ಹೆಣ್ಣುಮಗಳೊಬ್ಬಳನ್ನು ನಾಲ್ಕು ಜನ ಎತ್ತಿ ಪಾವಟಿಗೆ ಹತ್ತಿಸಿದ್ದರು. ಅವಳ ಮುಖ ಅವತ್ತು ಎಷ್ಟು ಕುಗ್ಗಿತ್ತು ಎಂಬುದನ್ನು ನೋಡಿದ ಮೇಲೆ ರ್‍ಯಾಂಪ್ ನನ್ನ ಪಟ್ಟಿಯಲ್ಲಿ ಮೇಲಕ್ಕೆ ಬಂತು. ಹಾಲಿನ ನೆಲ ರಸ್ತೆಗಿಂತ ಎರಡಡಿ ಎತ್ತರ. 1:12ರ, ಎಂದರೆ ಅಡಿ ಎತ್ತರಕ್ಕೆ 12 ಅಡಿ ಉದ್ದದ, ಇಳಿಜಾರಿಗೆ 24 ಅಡಿ ಉದ್ದ ಬೇಕು, ಮುಂದೆ ಇದ್ದದ್ದು 16 ಅಡಿ. ಆದ್ದರಿಂದ 12 ಅಡಿ ಹೋಗಿ, ನಡುವೆ ಸಮತಟ್ಟು ಕೊಟ್ಟು, ತಿರುಗಿ 12 ಅಡಿ. ಅದಕ್ಕೆ ಮುಂಭಾಗದ ಕಟ್ಟೆ ಹೋಯಿತು. ಸಂಜೆ ಅಲ್ಲಿ ಕೂರುತ್ತಿದ್ದವರು ಸಿಟ್ಟಾದರು, ಅವರಿಗೆ ಮೂಲೆಯಲ್ಲಿ ಬೇರೆ ಕಟ್ಟೆ ಕಟ್ಟಿಕೊಟ್ಟೆವು. 2024ರ ಮೇ 7ರ ಲೋಕಸಭೆ ಮತದಾನಕ್ಕೆ ಅದು ಸಿದ್ಧವಿತ್ತು. ಅವಳು ತಾನೇ ಗಾಲಿ ತಳ್ಳಿಕೊಂಡು ಬಂದಳು.

ಮೇಲಂತಸ್ತಿನ ಪಾವಟಿಗೆ ಇನ್ನೂ ಮೂರಡಿಯದೇ. ಅಗಲ ಮಾಡಲು ಜಾಗವಿಲ್ಲ. ಹಿತ್ತಲ ಕಡೆಯಿಂದ ಎರಡನೆಯ ಮೆಟ್ಟಿಲು ಇಡುವ ನಕ್ಷೆ ತಯಾರಿದೆ, ಹಣವಿಲ್ಲ. ಅಲ್ಲಿಯವರೆಗೆ ಮೇಲೆ ಹೊಲಿಗೆ ತರಗತಿ ಮಾತ್ರ. ಒಮ್ಮೆಗೆ 40 ಜನಕ್ಕಿಂತ ಹೆಚ್ಚು ಹತ್ತಬಾರದು ಎಂದು ಬೋರ್ಡ್ ಹಾಕಿದ್ದೇವೆ, ಗಣಪತಿ ಸಾಮಾನನ್ನೂ ಕೆಳಗೆ ತಂದಿದ್ದೇವೆ. ಬಿರುಕುಗಳ ಅಳತೆ ನಿಂತಿಲ್ಲ. ವಾಚನಾಲಯದ ಒಬ್ಬ ಹುಡುಗ ಪ್ರತಿ ಒಂದನೇ ತಾರೀಖು ಅಳೆದು ಬರೆಯುತ್ತಾನೆ. ಆರನೆಯ ಸಾಲಿನಲ್ಲಿ ಬೀಮು ಕೂತಂದಿನಿಂದ ಅಂಕಿ ಬದಲಾಗಿಲ್ಲ.

ಹೊಸ ಅಡುಗೆಮನೆಯಲ್ಲಿ ಮೊದಲ ದೊಡ್ಡ ಕಾರ್ಯ ಮುಗಿದ ಸಂಜೆ ಆಯಿಯನ್ನು ಹೇಗಿದೆ ಎಂದು ಕೇಳಿದೆ. ‘ಬಾಗಲಾ ಚಲೋ ಆತು. ನಳ ಕೆಳಗಾತು. ಬೋಗೋಣಿ ಅದರ ಬುಡಕ ಕುಂಡ್ರಂಗಿಲ್ಲ’ ಎಂದಳು. ನಾನೇ ಬೋಗೋಣಿ ತಂದು ಇಟ್ಟು ನೋಡಿದೆ, ನಿಜ, ಒಂದು ಗೇಣು ಸಾಲದು. 2024ರ ಪಿತೃಪಕ್ಷದಲ್ಲಿ ನಳ ಒಂದು ಗೇಣು ಮೇಲೆ ಹೋಯಿತು.